ವಿಲಿಯಂ ಗ್ರೋವ್: ಇಂಧನ ಕೋಶ ಕಂಡುಹಿಡಿದ ವಕೀಲರು

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ನೀರಿನ ವಿದ್ಯುದ್ವಿಭಜನೆಯ ಪ್ರಯೋಗವಿದೆ. ವಿದ್ಯುತ್ ಹರಿಸಿದರೆ ನೀರು ಒಡೆದು, ಎರಡು ಪಾಲು ಹೈಡ್ರೋಜನ್ ಮತ್ತು ಒಂದು ಪಾಲು ಆಕ್ಸಿಜನ್ ಪ್ರನಾಳಗಳಲ್ಲಿ ಸೇರುತ್ತವೆ. ಈ ಎರಡು ಅನಿಲಗಳು ಮತ್ತೆ ಕೂಡಿದರೆ ವಿದ್ಯುತ್ ಮರಳಿ ಸಿಗುತ್ತದೆಯೇ? ಸಿಗುತ್ತದೆಂದು ತೋರಿಸಿದವರು ವಿಲಿಯಂ ರಾಬರ್ಟ್ ಗ್ರೋವ್.

ಗ್ರೋವ್ 1811ರ ಜುಲೈ 11ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ಜನಿಸಿದರು. ನಮ್ಮ ಸಂಡೂರು ಕಬ್ಬಿಣದ ಅದಿರಿಗೆ ಹೆಸರಾದಂತೆ ಆ ಊರು ತಾಮ್ರ ಕರಗಿಸುವ ಕುಲುಮೆಗಳಿಗೆ ಹೆಸರಾಗಿತ್ತು. ಆಕ್ಸ್‌ಫರ್ಡ್‌ನಲ್ಲಿ ಓದಿ 1835ರಲ್ಲಿ ವಕೀಲರಾದರು. ಅನಾರೋಗ್ಯದಿಂದ ವೃತ್ತಿಗೆ ಅಡ್ಡಿಯಾದಾಗ ವಿಜ್ಞಾನದ ಕಡೆ ಹೊರಳಿದರು. 1839ರಲ್ಲಿ ಅವರು ಸತು ಮತ್ತು ಪ್ಲಾಟಿನಂ ಬಳಸಿ ಮಾಡಿದ ವಿದ್ಯುತ್ಕೋಶ ಮುಂದೆ ಅಮೆರಿಕದ ತಂತಿ ಕಚೇರಿಗಳಲ್ಲಿ ಬಳಕೆಗೆ ಬಂತು.

ಅದೇ ಸಮಯದಲ್ಲಿ ಅವರ ಅನಿಲ ಬ್ಯಾಟರಿಯೂ ರೂಪುಗೊಂಡಿತು. ಪ್ಲಾಟಿನಂ ಪಟ್ಟಿಯಿದ್ದ ಎರಡು ಪ್ರನಾಳಗಳಲ್ಲಿ ಒಂದಕ್ಕೆ ಹೈಡ್ರೋಜನ್, ಇನ್ನೊಂದಕ್ಕೆ ಆಕ್ಸಿಜನ್ ತುಂಬಿ, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಲ್ಲಿ ಬೋರಲಾಗಿ ನಿಲ್ಲಿಸಿದರು. ತಂತಿ ಜೋಡಿಸಿದಾಗ ವಿದ್ಯುತ್ ಹರಿಯಿತು, ಅನಿಲಗಳು ಕಡಿಮೆಯಾಗುತ್ತ ಬಂದವು. 1842ರಲ್ಲಿ ಇಂಥ 50 ಜೋಡಿಗಳನ್ನು ಸೇರಿಸಿ, ಅದರ ವಿದ್ಯುತ್ತಿನಿಂದಲೇ ನೀರನ್ನು ವಿಭಜಿಸಿದರು. ಬಾಸೆಲ್‌ನ ಷೋನ್‌ಬೈನ್ ಕೂಡ ಇದೇ ಪರಿಣಾಮವನ್ನು ಗಮನಿಸಿದ್ದರು.

ಅನಿಲ, ಆಮ್ಲ, ಪ್ಲಾಟಿನಂ ಮೂರೂ ಕೂಡುವ ಜಾಗದಲ್ಲಿಯೇ ಕ್ರಿಯೆ ನಡೆಯುತ್ತದೆ ಎಂದು ಗ್ರೋವ್ ಗುರುತಿಸಿದರು. ಅವರ ಪ್ರನಾಳದಲ್ಲಿ ಆ ಜಾಗ ಬಹಳ ಕಿರಿದು, ಆದ್ದರಿಂದ ಸಿಕ್ಕ ವಿದ್ಯುತ್ತೂ ಅಲ್ಪ. ಸಂಸಾರ ಬೆಳೆದಂತೆ ಅವರು ವಕೀಲಿಗೆ ಮರಳಿದರು. 1871ರಲ್ಲಿ ನ್ಯಾಯಾಧೀಶರಾದರು. 1896ರ ಆಗಸ್ಟ್ 1ರಂದು ತೀರಿಕೊಂಡರು. ಅವರ ಬ್ಯಾಟರಿ ಅವರ ಕಾಲದಲ್ಲಿ ಬಳಕೆಗೆ ಬರಲೇ ಇಲ್ಲ.

1965ರಲ್ಲಿ ಜೆಮಿನಿ ಬಾಹ್ಯಾಕಾಶ ನೌಕೆಗೆ ಇಂಧನ ಕೋಶ ವಿದ್ಯುತ್ ಒದಗಿಸಿತು. ಈಗ ಮೊಬೈಲ್‌ನಂಥ ಸಣ್ಣ ಉಪಕರಣಗಳಿಗಾಗಿ ರೂಪಿಸುವ ಪುಟ್ಟ ಕೋಶಗಳಲ್ಲಿ ಆಮ್ಲದ ಬದಲು ತೆಳುವಾದ ಪೊರೆ, ಪಟ್ಟಿಯ ಬದಲು ಇಂಗಾಲದ ಮೇಲೆ ಹರಡಿದ ಪ್ಲಾಟಿನಂ ಕಣಗಳಿವೆ. ಗ್ರೋವ್ ಕಂಡ ಕಿರಿದಾದ ಜಾಗ ಇದರಿಂದ ಹಿಗ್ಗಿದೆ. ಹೈಡ್ರೋಜನ್ ಒಯ್ಯುವುದು ಕಷ್ಟವೆಂದು ಹಲವು ಕೋಶಗಳಿಗೆ ಮೆಥನಾಲ್ ದ್ರವವೇ ಇಂಧನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಸಂಶೋಧನೆ ನಡೆದಿದೆ. ಆದರೆ ಪ್ಲಾಟಿನಂ ದುಬಾರಿ, ಮೆಥನಾಲ್ ಪೊರೆಯ ಮೂಲಕ ಜಿನುಗುತ್ತದೆ. ಇವು ಇನ್ನೂ ಉಳಿದಿರುವ ತೊಡಕುಗಳು.

ಹೊಸಪೇಟೆ, ಕಂಪ್ಲಿ ಭಾಗದ ಮಕ್ಕಳಿಗೆ ತುಂಗಭದ್ರಾ ಅಣೆಕಟ್ಟು ಗೊತ್ತು. ಅಲ್ಲಿ ಧುಮುಕುವ ನೀರಿನಿಂದ ವಿದ್ಯುತ್ ಬರುತ್ತದೆ. ಗ್ರೋವ್ ಅವರ ಕೋಶದಲ್ಲಿ ವಿದ್ಯುತ್ ಬರುವಾಗ ನೀರು ಉಂಟಾಗುತ್ತದೆ. ಇವೆರಡನ್ನೂ ಕಪ್ಪುಹಲಗೆಯಲ್ಲಿ ಅಕ್ಕಪಕ್ಕ ಬರೆದು ವ್ಯತ್ಯಾಸ ಕೇಳಿದರೆ, ಸಂಯೋಗ ಮತ್ತು ವಿಭಜನೆ ಕ್ರಿಯೆಗಳ ಪಾಠಕ್ಕೆ ಒಳ್ಳೆಯ ಪೀಠಿಕೆಯಾಗುತ್ತದೆ.