ಕ್ರಿಸ್ಟೆನ್ ನೈಗಾರ್ಡ್: ಕಂಪ್ಯೂಟರ್ ಭಾಷೆಗೆ ಶಿಸ್ತು ಕಲಿಸಿದ ಗಣಿತಜ್ಞ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ನಮ್ಮ ವಿದ್ಯಾರ್ಥಿಗಳು ಸಿ ಪ್ಲಸ್ ಪ್ಲಸ್ ಅಥವಾ ಜಾವಾ ಕಲಿಯುವಾಗ ಕ್ಲಾಸ್, ಆಬ್ಜೆಕ್ಟ್, ಪ್ರೈವೇಟ್, ಪಬ್ಲಿಕ್ ಎಂಬ ಪದಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವುದುಂಟು. ಈ ಪದಗಳ ಹಿಂದಿರುವ ವಿಚಾರಕ್ಕೆ ಅಡಿಪಾಯ ಹಾಕಿದವರಲ್ಲಿ ನಾರ್ವೆ ದೇಶದ ಗಣಿತಜ್ಞ ಕ್ರಿಸ್ಟೆನ್ ನೈಗಾರ್ಡ್ ಪ್ರಮುಖರು.

ನೈಗಾರ್ಡ್ ಅವರು 1926ರ ಆಗಸ್ಟ್ 27ರಂದು ಓಸ್ಲೋ ನಗರದಲ್ಲಿ ಜನಿಸಿದರು. 1948ರಲ್ಲಿ ತಮ್ಮ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆಯನ್ನು ಸೇರಿದರು. ನಾರ್ವೆಯ ಮೊದಲ ಅಣು ರಿಯಾಕ್ಟರಿಗೆ ಬೇಕಾದ ಕ್ಲಿಷ್ಟ ಲೆಕ್ಕಗಳನ್ನು ಆಗ ಕೈಯಿಂದಲೇ ಮಾಡಬೇಕಿತ್ತು. ದುಡಿಯುತ್ತಲೇ ಓದಿ 1956ರಲ್ಲಿ ಓಸ್ಲೋ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1960ರಲ್ಲಿ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್ ಸೇರಿದರು.

ಅಲ್ಲಿ ಅವರು ಸಹೋದ್ಯೋಗಿ ಓಲೆ-ಯೋಹಾನ್ ಡಾಲ್ ಅವರೊಡನೆ ಸಿಮುಲಾ ಎಂಬ ಭಾಷೆಯನ್ನು ರೂಪಿಸಿದರು. ಕೌಂಟರ್ ಮುಂದಿನ ಸರದಿ, ಕಾರ್ಖಾನೆಯ ಕೆಲಸ ಮುಂತಾದವುಗಳನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡುವುದು ಅದರ ಉದ್ದೇಶ. 1967ರ ಸಿಮುಲಾದಲ್ಲಿ ಕ್ಲಾಸ್ ಮತ್ತು ಆಬ್ಜೆಕ್ಟ್ ಎರಡೂ ಬಂದವು. ಮಾಹಿತಿ ಮತ್ತು ಆ ಮಾಹಿತಿಯ ಮೇಲೆ ನಡೆಯುವ ಕೆಲಸ ಒಂದೇ ಕಡೆ ಕೂಡಿದವು.

ಆದರೆ ಒಂದು ಕೊರತೆ ಉಳಿದಿತ್ತು. ಆಬ್ಜೆಕ್ಟಿನ ಒಳಗಿನ ಮಾಹಿತಿಯನ್ನು ಹೊರಗಿನ ಯಾವ ಭಾಗ ಬೇಕಾದರೂ ನೇರವಾಗಿ ಬದಲಿಸಬಹುದಿತ್ತು. ಇದರ ಅಪಾಯ ನಮ್ಮ ಜಿಲ್ಲೆಯವರಿಗೆ ಸುಲಭವಾಗಿ ತಿಳಿಯುತ್ತದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಸ್ಥಾಪನೆಯಾಯಿತು. ಇಂಥ ಯಾವುದೇ ಸಂಘದಲ್ಲಿ ಸದಸ್ಯನು ತಾನೇ ಪೆನ್ನು ಹಿಡಿದು ಖಾತೆಪುಸ್ತಕದ ಶಿಲ್ಕು ತಿದ್ದುವಂತಿಲ್ಲ. ಹಣ ಕಟ್ಟಬೇಕು ಇಲ್ಲವೇ ಹಣ ಪಡೆಯಬೇಕು. ಶಿಲ್ಕು ಅದರಂತೆ ಬದಲಾಗುತ್ತದೆ. 500 ರೂಪಾಯಿ ಇರುವಲ್ಲಿ 700 ಕೇಳಿದರೆ ಗುಮಾಸ್ತರು ಇಲ್ಲವೆನ್ನುತ್ತಾರೆ.

ಪ್ರೋಗ್ರಾಮಿನಲ್ಲಿಯೂ ಹಾಗೆಯೇ. ಶಿಲ್ಕನ್ನು ಪ್ರೈವೇಟ್ ಎಂದು ಬರೆದರೆ ಹೊರಗಿನವರು ಅದನ್ನು ಮುಟ್ಟಲಾರರು. ಜಮಾ ಮಾಡುವ ಮತ್ತು ಹಣ ತೆಗೆಯುವ ಫಂಕ್ಷನ್‌ಗಳು ಮಾತ್ರ ಪಬ್ಲಿಕ್. ತಪಾಸಣೆ ಅಲ್ಲಿಯೇ ನಡೆಯುತ್ತದೆ. ಲೆಕ್ಕ ತಪ್ಪಿದರೆ ಎಲ್ಲಿ ಹುಡುಕಬೇಕೆಂಬುದೂ ಗೊತ್ತಾಗುತ್ತದೆ. ಒಳಗಿನ ವ್ಯವಸ್ಥೆ ಬದಲಿಸಿದರೂ ಹೊರಗಿನವರಿಗೆ ತೊಂದರೆಯಿಲ್ಲ. ಈ ತತ್ವವನ್ನು 1972ರಲ್ಲಿ ಡೇವಿಡ್ ಪಾರ್ನಾಸ್ ಸ್ಪಷ್ಟವಾಗಿ ಮಂಡಿಸಿದರು. 1970ರ ದಶಕದಲ್ಲಿ ಸಿಮುಲಾಗೂ ಮಾಹಿತಿಯನ್ನು ಮರೆಮಾಡುವ ಸೌಲಭ್ಯ ಸೇರಿತು. ಸಿಮುಲಾದಿಂದ ಪ್ರೇರಣೆ ಪಡೆದ ಬ್ಯಾರ್ನೆ ಸ್ಟ್ರೌಸ್ಟ್ರುಪ್ 1979ರಲ್ಲಿ ಆರಂಭಿಸಿದ ಕೆಲಸವೇ ಸಿ ಪ್ಲಸ್ ಪ್ಲಸ್ ಆಯಿತು. 1995ರಲ್ಲಿ ಬಂದ ಜಾವಾ ಅದೇ ದಾರಿ ಹಿಡಿಯಿತು.

ನೈಗಾರ್ಡ್ ಕೇವಲ ಭಾಷೆ ಕಟ್ಟಿ ಸುಮ್ಮನಾಗಲಿಲ್ಲ. ತಮ್ಮ ಸಿಮುಲಾವನ್ನು ಬಳಸಿ ಕಾರ್ಮಿಕರ ಕೆಲಸವನ್ನೇ ಅಳೆದು ಕಟ್ಟಿಹಾಕಬಹುದು ಎಂಬ ಚಿಂತೆ ಅವರನ್ನು ಕಾಡಿತು. 1970ರ ದಶಕದ ಆರಂಭದಲ್ಲಿ ಅವರು ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಂದಿಗೆ ಸೇರಿ, ಕಾರ್ಮಿಕರು ತಾವೇ ಕಂಪ್ಯೂಟರ್ ವ್ಯವಸ್ಥೆಯನ್ನು ಅರಿತು ಪ್ರಶ್ನಿಸುವಂತೆ ಮಾಡಿದರು. 1975ರಲ್ಲಿ ನಾರ್ವೆಯ ಕಾರ್ಮಿಕ ಮತ್ತು ಮಾಲೀಕರ ಒಕ್ಕೂಟಗಳ ನಡುವೆ ಈ ವಿಷಯದಲ್ಲಿ ರಾಷ್ಟ್ರಮಟ್ಟದ ಒಪ್ಪಂದವಾಯಿತು. ಹೊಸ ವ್ಯವಸ್ಥೆ ತರುವ ಮುನ್ನ ಕಾರ್ಮಿಕರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಬೇಕೆಂಬುದು ಅದರಲ್ಲಿ ಸೇರಿತ್ತು.

ಮುಂದೆ ಅವರು ಓಸ್ಲೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ನೈಗಾರ್ಡ್ ಮತ್ತು ಡಾಲ್ ಇಬ್ಬರಿಗೂ 2001ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ವಿಧಿಯ ಆಟವೆಂಬಂತೆ ಡಾಲ್ 2002ರ ಜೂನ್ 29ರಂದು ತೀರಿಕೊಂಡರು. ಆರು ವಾರಗಳಲ್ಲಿ, ಆಗಸ್ಟ್ 10ರಂದು, ನೈಗಾರ್ಡ್ ಕೂಡ ಇಹಲೋಕ ತ್ಯಜಿಸಿದರು.

ಇನ್ನೊಬ್ಬರು ನಂಬಿ ಒಪ್ಪಿಸಿದ ವಸ್ತುವನ್ನು ನಾವು ಅಮಾನತ್ ಎನ್ನುತ್ತೇವೆ. ಇಂದು ಜನರ ಹಣ, ಆರೋಗ್ಯ, ಅಂಕಪಟ್ಟಿ ಎಲ್ಲವೂ ಕಂಪ್ಯೂಟರಿನಲ್ಲಿವೆ. ಅವನ್ನು ಯಾರು, ಯಾವ ನಿಯಮದಂತೆ ಮುಟ್ಟಬೇಕು ಎಂದು ಪ್ರೋಗ್ರಾಮ್ ಬರೆಯುವವನು ಮೊದಲೇ ಯೋಚಿಸಬೇಕು. ಆ ಮಾಹಿತಿ ಯಾರದೋ ಅವರನ್ನೇ ಕತ್ತಲಲ್ಲಿಡಬಾರದು ಎಂಬುದೂ ಅಷ್ಟೇ ಮುಖ್ಯ. ಪ್ರೈವೇಟ್ ಎಂದು ಬರೆಯುವ ಪ್ರತಿ ವಿದ್ಯಾರ್ಥಿಯೂ ಈ ಎರಡು ಮಾತುಗಳನ್ನು ನೆನಪಿಡಲಿ.