ಕೋಡಿಗೆ ಬಾಗಿಲು ಇಟ್ಟ ಇಂಜಿನಿಯರ್

ಮಕ್ಕಳೇ, ಸೆಪ್ಟೆಂಬರ್ 15ರಂದು ನಮ್ಮ ದೇಶದಲ್ಲಿ ಇಂಜಿನಿಯರುಗಳ ದಿನ ಆಚರಿಸುತ್ತಾರೆ. ಅದು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ ದಿನ. ಅವರ ಹೆಸರು ಕೇಳಿದೊಡನೆ ಎಲ್ಲರಿಗೂ ನೆನಪಾಗುವುದು ಕನ್ನಂಬಾಡಿ ಕಟ್ಟೆ. ಆದರೆ ಮೈಸೂರಿಗೆ ಬರುವ ಮೊದಲು ಅವರು 20ಕ್ಕೂ ಹೆಚ್ಚು ವರ್ಷ ದುಡಿದದ್ದು ಮುಂಬಯಿ ಪ್ರಾಂತ್ಯದಲ್ಲಿ. ಆಗ ಕೆರೂರ, ಬಾದಾಮಿ, ಬಾಗಲಕೋಟೆ, ಹುನಗುಂದ ಎಲ್ಲವೂ ಅದೇ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದವು.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಬೇರೆಯವರ ಮಕ್ಕಳಿಗೆ ಪಾಠ ಹೇಳಿ, ಅದರಿಂದ ಬಂದ ಹಣದಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮುಂದೆ ಪುಣೆಗೆ ಹೋಗಿ ಇಂಜಿನಿಯರಿಂಗ್ ಕಲಿತರು. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂತು. ಮರುವರ್ಷವೇ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಸಿಕ್ಕಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ನೀವು ಕೆರೆ ನೋಡಿದ್ದೀರಿ. ನೀರನ್ನು ತಡೆಯುವ ಮಣ್ಣಿನ ದಿಬ್ಬವೇ ಒಡ್ಡು. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹರಿಯಲು ಒಂದು ಬದಿಯಲ್ಲಿ ಬಿಟ್ಟ ದಾರಿಯೇ ಕೋಡಿ. ನೋಡುವವರ ಕಣ್ಣೆಲ್ಲ ಒಡ್ಡಿನ ಮೇಲೆ. ಆದರೆ ಒಡ್ಡನ್ನು ಕಾಯುವುದು ಕೋಡಿ. ಬೇಕಾದರೆ ಶಾಲೆಯ ಅಂಗಳದಲ್ಲಿ ಮಣ್ಣಿನ ಪುಟ್ಟ ಒಡ್ಡು ಕಟ್ಟಿ, ಕೋಡಿ ಬಿಡದೆ ನೀರು ಸುರಿಯಿರಿ. ನೀರು ಒಡ್ಡಿನ ತಲೆಯ ಮೇಲೆ ಹರಿದು ಹಿಂಬದಿಯ ಮಣ್ಣನ್ನು ಕೊರೆಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಒಡ್ಡೇ ಕೊಚ್ಚಿಹೋಗುತ್ತದೆ.

ವಿಶ್ವೇಶ್ವರಯ್ಯನವರು ಕೆಲಸಕ್ಕೆ ಸೇರಿ ಐದು ವರ್ಷವಾಗಿದ್ದಾಗ ದೂರದ ಅಮೆರಿಕದಲ್ಲಿ ಹೀಗೆಯೇ ಆಯಿತು. ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಎಂಬಲ್ಲಿ ಶ್ರೀಮಂತರ ಕ್ಲಬ್ಬೊಂದು ಹಳೆಯ ಅಣೆಕಟ್ಟನ್ನು ಕೊಂಡುಕೊಂಡಿತ್ತು. ದೋಣಿಯಲ್ಲಿ ಸುತ್ತಾಡಲು, ಮೀನು ಹಿಡಿಯಲು ಅವರಿಗೊಂದು ಸ್ವಂತ ಕೆರೆ ಬೇಕಾಗಿತ್ತು. ಅಣೆಕಟ್ಟಿನ ತಳದಲ್ಲಿದ್ದ ನೀರು ಬಿಡುವ ಕೊಳವೆಗಳನ್ನು ಹಿಂದಿನ ಮಾಲೀಕ ಕಿತ್ತು ಮಾರಿದ್ದ. ಕ್ಲಬ್ಬಿನವರು ಮತ್ತೆ ಹಾಕಿಸಲಿಲ್ಲ. ಗಾಡಿ ಓಡಾಡಲಿ ಎಂದು ಒಡ್ಡಿನ ಎತ್ತರ ತಗ್ಗಿಸಿದರು. ಮೀನು ಹೊರಗೆ ಹೋಗದಿರಲಿ ಎಂದು ಕೋಡಿಗೆ ಜಾಲರಿ ಹಾಕಿದರು. 1889ರ ಮೇ 31ರಂದು ಭಾರಿ ಮಳೆ ಬಂದಾಗ ಜಾಲರಿಗೆ ಕಸಕಡ್ಡಿ ಸಿಕ್ಕಿಕೊಂಡಿತು, ನೀರು ಒಡ್ಡಿನ ಮೇಲೆ ಹರಿಯಿತು, ಒಡ್ಡು ಒಡೆಯಿತು. ಕೆಳಗಿನ ಜಾನ್ಸ್‌ಟೌನ್ ಪಟ್ಟಣ ಕೊಚ್ಚಿಹೋಗಿ 2,209 ಜನ ಸತ್ತರು. ಮೀನು ಉಳಿಸಿಕೊಳ್ಳಲು ಹಾಕಿದ ಜಾಲರಿ!

ಈಗ ಪುಣೆಗೆ ಬರೋಣ. ಪುಣೆಗೆ ನೀರು ಕೊಡುತ್ತಿದ್ದುದು ಮುಠಾ ನದಿಯ ಖಡಕ್‌ವಾಸ್ಲಾ ಜಲಾಶಯ. ಮಳೆಗಾಲದಲ್ಲಿ ಅದರ ಕೋಡಿಯ ಮೇಲೆ ಆರೆಂಟು ಅಡಿ ನೀರು ಹರಿದು ವ್ಯರ್ಥವಾಗುತ್ತಿತ್ತು. ಬೇಸಿಗೆಯಲ್ಲಿ ನೋಡಿದರೆ ನೀರು ಸಾಲುತ್ತಿರಲಿಲ್ಲ. ಕೋಡಿಯ ಮೇಲೆ ಗೋಡೆ ಕಟ್ಟಿದರೆ ಹೆಚ್ಚು ನೀರು ನಿಲ್ಲುತ್ತದೆ, ನಿಜ. ಆದರೆ ಮಹಾಪೂರ ಬಂದಾಗ ನೀರು ಎಲ್ಲಿಗೆ ಹೋಗಬೇಕು? ಇಂದಿಗೂ ಕೆಲವು ಕಡೆ ಕೆರೆಯಲ್ಲಿ ಇನ್ನಷ್ಟು ನೀರು ನಿಲ್ಲಲಿ ಎಂದು ಕೋಡಿಗೆ ಮರಳಿನ ಚೀಲ ಇಡುತ್ತಾರೆ. ಕಷ್ಟ ಹುಟ್ಟುವುದು ಅಲ್ಲೇ.

ವಿಶ್ವೇಶ್ವರಯ್ಯನವರು ಗೋಡೆಯ ಬದಲು ಬಾಗಿಲು ಇಟ್ಟರು. 1903ರಲ್ಲಿ ಕೋಡಿಯ ಮೇಲೆ ಸಾಲಾಗಿ ಕೂತ ಈ ಬಾಗಿಲುಗಳು ಹಳೆಯ ಮಟ್ಟಕ್ಕಿಂತ ಸುಮಾರು 8 ಅಡಿ ಎತ್ತರದವರೆಗೆ ನೀರನ್ನು ತಡೆದವು. ಬಾಗಿಲ ಭಾರಕ್ಕೆ ಸರಿದೂಗುವ ತೂಕವನ್ನು ಇನ್ನೊಂದು ಕಡೆ ಜೋಡಿಸಿದ್ದರು, ತಕ್ಕಡಿಯ ಎರಡು ತಟ್ಟೆಗಳಂತೆ. ನೀರು ಗೊತ್ತಾದ ಮಟ್ಟ ಮೀರಿದರೆ ಸಮತೂಕ ತಪ್ಪಿ ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ನೀರು ಇಳಿದ ಮೇಲೆ ತಾನೇ ಮುಚ್ಚಿಕೊಳ್ಳುತ್ತಿತ್ತು. ನಡುರಾತ್ರಿ ಪ್ರವಾಹ ಬಂದರೂ ಕಾವಲುಗಾರ ಎದ್ದು ಓಡಬೇಕಾಗಿರಲಿಲ್ಲ. ಈ ಬಾಗಿಲುಗಳಿಗೆ ಅವರ ಹೆಸರಿನಲ್ಲಿ ಪೇಟೆಂಟ್ ಆಯಿತು. ಸರಕಾರ ಗೌರವಧನ ಕೊಡಲು ಮುಂದೆ ಬಂತು. ಸಂಬಳ ಪಡೆದು ಮಾಡಿದ ಕೆಲಸಕ್ಕೆ ಬೇರೆ ಹಣ ಬೇಡವೆಂದು ಅವರು ತೆಗೆದುಕೊಳ್ಳಲಿಲ್ಲ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದನ್ನು ಮುಳುಗಿಸಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ನಿಜಾಮರ ಸರಕಾರ ಕಾರಣ ತಿಳಿಯಲು ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ಮಳೆಯ ಲೆಕ್ಕ ತೆಗೆದರು. ಜೊತೆಗೆ ನದಿಗೆ ನೀರು ಹರಿದುಬರುವ ಪ್ರದೇಶದ ಕೆರೆಗಳನ್ನೂ ಎಣಿಸಿದರು. ಏಳು ನೂರಕ್ಕೂ ಹೆಚ್ಚು ಸಣ್ಣ ಕೆರೆಗಳಿದ್ದವು. ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದಿದ್ದವು. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆಗೆ ನುಗ್ಗುತ್ತದೆ, ಆಗ ಅದೂ ಒಡೆಯುತ್ತದೆ. ಊರಿನ ಮೇಲ್ಭಾಗದಲ್ಲಿ ಪ್ರವಾಹದ ನೀರನ್ನು ತಡೆದು ನಿಧಾನವಾಗಿ ಬಿಡುವ ಜಲಾಶಯಗಳನ್ನು ಕಟ್ಟಬೇಕೆಂದು ಅವರು ಸಲಹೆ ಕೊಟ್ಟರು. ಅದರಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು.

1909ರಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರ್ ಆದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿಯ ಕೆಲಸ 1911ರಲ್ಲಿ ಶುರುವಾಯಿತು. ಅಲ್ಲಿಯೂ ತಾವಾಗಿ ತೆರೆಯುವ ಬಾಗಿಲುಗಳನ್ನು ಇಟ್ಟರು. 1955ರಲ್ಲಿ ಭಾರತ ರತ್ನ ಬಂತು.

2021ರಲ್ಲಿ ನಮ್ಮ ದೇಶದಲ್ಲಿ ಅಣೆಕಟ್ಟುಗಳ ಸುರಕ್ಷತೆಗೆ ಕಾನೂನು ಬಂದಿದೆ. ಅದು ಮುಖ್ಯವಾಗಿ 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ. ತೋಟದಲ್ಲೋ ರೆಸಾರ್ಟಿನಲ್ಲೋ ದೋಣಿ ಆಡಿಸಲು ಕಟ್ಟಿದ ಪುಟ್ಟ ಒಡ್ಡು ಅದರ ಲೆಕ್ಕಕ್ಕೆ ಬರುವುದಿಲ್ಲ. ಇಲಿ ಬಿಲ ತೋಡಿದೆಯೇ, ಒಡ್ಡಿನ ಮೇಲೆ ಮರ ಬೆಳೆದು ಬೇರು ಬಿಟ್ಟಿದೆಯೇ, ಹಿಂಬದಿಯಲ್ಲಿ ಕೆಸರು ನೀರು ಜಿನುಗುತ್ತಿದೆಯೇ, ಕೋಡಿಯಲ್ಲಿ ಕಸ ತುಂಬಿದೆಯೇ ಎಂದು ಅಲ್ಲಿ ನೋಡಿಕೊಳ್ಳಬೇಕಾದವರು ಮಾಲೀಕರೇ.

ಖಡಕ್‌ವಾಸ್ಲಾದ ಬಾಗಿಲುಗಳು ಏನಾದವು? 1961ರ ಜುಲೈ 12ರಂದು ಮೇಲ್ಭಾಗದಲ್ಲಿ ಇನ್ನೂ ಕಟ್ಟುತ್ತಿದ್ದ ಪಾನಶೇತ್ ಎಂಬ ಮಣ್ಣಿನ ಅಣೆಕಟ್ಟು ಒಡೆಯಿತು. ಒಂದು ಇಡೀ ಜಲಾಶಯದ ನೀರು ಒಮ್ಮೆಲೇ ನುಗ್ಗಿ ಬಂದರೆ ಯಾವ ಬಾಗಿಲು ತಾನೇ ಸಾಕಾದೀತು? ಖಡಕ್‌ವಾಸ್ಲಾವೂ ಒಡೆದು ಪುಣೆ ನಗರಕ್ಕೆ ನೀರು ನುಗ್ಗಿತು. ಅಣೆಕಟ್ಟನ್ನು ಆಮೇಲೆ ಮತ್ತೆ ಕಟ್ಟಿದರು. ಆಗ ವಿಶ್ವೇಶ್ವರಯ್ಯನವರು ಇನ್ನೂ ಬದುಕಿದ್ದರು. ನೂರು ವರ್ಷ ದಾಟಿದ ಅವರು 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ.