ಚಿತ್ರದಿಂದ ಕಳ್ಳನನ್ನು ಹಿಡಿಸಿದ ಥಾಮಸ್ ನಾಸ್ಟ್



ವ್ಯಂಗ್ಯಚಿತ್ರ ನೋಡಿದರೆ ನಮಗೆ ನಗು ಬರುತ್ತದೆ. ಆದರೆ ಒಬ್ಬರ ವ್ಯಂಗ್ಯಚಿತ್ರ ನೋಡಿ ದೊಡ್ಡ ದೊಡ್ಡವರೇ ನಡುಗಿದ್ದರು. ಅವರೇ ಥಾಮಸ್ ನಾಸ್ಟ್. ಈ ಸಲದ ಗೋಡೆ ಪತ್ರಿಕೆಗೆ ನಾನು ಅವರ ಜೀವನ ಚರಿತ್ರೆ ಬರೆದಿದ್ದೇನೆ.

ನಾಸ್ಟ್ ಅವರು 1840ರ ಸೆಪ್ಟೆಂಬರ್ ತಿಂಗಳಲ್ಲಿ ಈಗಿನ ಜರ್ಮನಿ ದೇಶದ ಲಾಂಡೌ ಎಂಬ ಊರಿನಲ್ಲಿ ಜನಿಸಿದರು. ಇವರ ತಂದೆ ಸೈನ್ಯದ ಬ್ಯಾಂಡಿನಲ್ಲಿ ವಾದ್ಯ ಊದುತ್ತಿದ್ದರು. 1846ರಲ್ಲಿ ನಾಸ್ಟ್ ತಾಯಿಯ ಜೊತೆ ಅಮೆರಿಕದ ನ್ಯೂಯಾರ್ಕಿಗೆ ಬಂದರು. ಶಾಲೆಯಲ್ಲಿ ಇವರಿಗೆ ಓದು ಬರಹ ಅಷ್ಟಾಗಿ ತಲೆಗೆ ಹತ್ತಲಿಲ್ಲ. ಆದರೆ ಚಿತ್ರ ಬಿಡಿಸೋದರಲ್ಲಿ ಎತ್ತಿದ ಕೈ! 15ನೇ ವಯಸ್ಸಿಗೇ ಒಂದು ಪತ್ರಿಕೆಯಲ್ಲಿ ಚಿತ್ರ ಬರೆಯುವ ಕೆಲಸಕ್ಕೆ ಸೇರಿದರು. 1862ರಲ್ಲಿ ಹಾರ್ಪರ್ಸ್ ವೀಕ್ಲಿ ಎಂಬ ವಾರಪತ್ರಿಕೆ ಸೇರಿದರು. ಆಗ ಪತ್ರಿಕೆಯ ಚಿತ್ರವನ್ನು ಮರದ ತುಂಡಿನ ಮೇಲೆ, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲಾಗಿ ಬರೆಯಬೇಕಿತ್ತು. ಆಮೇಲೆ ಅದನ್ನು ಕೆತ್ತಿ ಅಚ್ಚು ಹಾಕುತ್ತಿದ್ದರು.

ನ್ಯೂಯಾರ್ಕಿನಲ್ಲಿ ಆಗ ಟ್ವೀಡ್ ಎಂಬ ರಾಜಕಾರಣಿಯದೇ ದರ್ಬಾರು. 2.5 ಲಕ್ಷ ಡಾಲರಿನಲ್ಲಿ ಮುಗಿಯಬೇಕಿದ್ದ ನ್ಯಾಯಾಲಯದ ಕಟ್ಟಡಕ್ಕೆ 1 ಕೋಟಿಗೂ ಹೆಚ್ಚು ಡಾಲರ್ ಖರ್ಚಾಯಿತು. ಸುಳ್ಳು ಬಿಲ್ಲು ಬರೆದು ಟ್ವೀಡ್ ಮತ್ತು ಅವನ ಗುಂಪಿನವರು ನುಂಗಿದ್ದರು. 1871ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ಲೆಕ್ಕವನ್ನೆಲ್ಲಾ ಅಚ್ಚು ಹಾಕಿತು. ಆದರೆ ಓದು ಬಾರದ ಬಡವರಿಗೆ ಲೆಕ್ಕ ಹೇಗೆ ತಿಳಿಯಬೇಕು? ನಾಸ್ಟ್ ಅದನ್ನು ಚಿತ್ರದಲ್ಲಿ ತೋರಿಸಿದರು. ಒಂದರಲ್ಲಿ ಟ್ವೀಡನ ತಲೆಯ ಜಾಗದಲ್ಲಿ ದುಡ್ಡಿನ ಚೀಲ. ಇನ್ನೊಂದರಲ್ಲಿ ಎಲ್ಲರೂ ದುಂಡಗೆ ನಿಂತು, ಕದ್ದವನು ಇವನು ಅಂತ ಪಕ್ಕದವನ ಕಡೆ ಬೆರಳು ತೋರಿಸುತ್ತಾರೆ! ಚಿತ್ರ ನಿಲ್ಲಿಸಲು ನಾಸ್ಟ್ ಅವರಿಗೆ 5 ಲಕ್ಷ ಡಾಲರಿನವರೆಗೂ ಆಸೆ ತೋರಿಸಿದರಂತೆ. ಅವರು ಒಪ್ಪಲಿಲ್ಲ. ಆ ವರ್ಷದ ಚುನಾವಣೆಯಲ್ಲಿ ಟ್ವೀಡನ ಕಡೆಯವರು ಬಹಳ ಮಂದಿ ಸೋತರು.

ಟ್ವೀಡ್ ಜೈಲು ಸೇರಿದ. 1875ರಲ್ಲಿ ತಪ್ಪಿಸಿಕೊಂಡು ಕೊನೆಗೆ ಸ್ಪೇನ್ ದೇಶಕ್ಕೆ ಓಡಿದ. 1876ರಲ್ಲಿ ಅಲ್ಲಿಯವರು ನಾಸ್ಟ್ ಬರೆದ ಚಿತ್ರದಿಂದಲೇ ಅವನ ಗುರುತು ಹಿಡಿದರು. ಆ ಚಿತ್ರದಲ್ಲಿ ಟ್ವೀಡ್ ಇಬ್ಬರು ಹುಡುಗರನ್ನು ಹಿಡಿದುಕೊಂಡಿದ್ದ. ಅದಕ್ಕೇ ಅವನನ್ನು ಮಕ್ಕಳ ಕಳ್ಳ ಅಂದುಕೊಂಡರಂತೆ! ಮತ್ತೆ ಜೈಲಿಗೆ ಹೋಗಿ 1878ರಲ್ಲಿ ಅಲ್ಲೇ ಸತ್ತ.

ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಪರವಾಗಿ, ಚೀನಾದಿಂದ ಬಂದ ಕೂಲಿಕಾರರ ಪರವಾಗಿ ನಾಸ್ಟ್ ಚಿತ್ರ ಬರೆದರು. ಆದರೆ ಒಂದು ಸಂಗತಿ ನನಗೆ ಸೇರಲಿಲ್ಲ. ಐರ್ಲೆಂಡಿನಿಂದ ಬಂದ ಬಡವರನ್ನು ಅವರು ಮಂಗನ ಮುಖ ಹಾಕಿ ಬರೆಯುತ್ತಿದ್ದರು. ಅವರಲ್ಲಿ ಎಷ್ಟೋ ಜನ ಕಷ್ಟಪಟ್ಟು ದುಡಿಯುವವರೇ. ಓದು ಬಾರದವರಿಗೂ ಚಿತ್ರ ತಿಳಿಯುತ್ತದೆ ಅಂದ ಮೇಲೆ, ಆ ಅವಮಾನವೂ ಅವರಿಗೆ ತಿಳಿದಿರುತ್ತದಲ್ಲವೇ?

ನಾಸ್ಟ್ 1884ರಲ್ಲಿ ಒಂದು ಕಂಪನಿ ಮುಳುಗಿದಾಗ ಹಣ ಕಳೆದುಕೊಂಡರು. 1902ರಲ್ಲಿ ಸರ್ಕಾರಿ ಕೆಲಸದ ಮೇಲೆ ಈಕ್ವೆಡಾರ್ ದೇಶಕ್ಕೆ ಹೋಗಿ, ಅದೇ ವರ್ಷ ಡಿಸೆಂಬರ್ 7ರಂದು ಹಳದಿ ಜ್ವರದಿಂದ ತೀರಿಕೊಂಡರು.

ಗೆಳೆಯರೇ, ಮುಂದಿನ ಸಂಚಿಕೆಗೆ ನಾವೂ ಕುಡಿತ, ಬಾಲ್ಯವಿವಾಹ, ಶಾಲೆ ಬಿಟ್ಟು ಕೂಲಿಗೆ ಹೋಗುವ ಮಕ್ಕಳ ಬಗ್ಗೆ ವ್ಯಂಗ್ಯಚಿತ್ರ ಬರೆಯೋಣ. ಮಾಡಿದ ತಪ್ಪನ್ನು ತೋರಿಸೋಣ. ಯಾರ ಜಾತಿ, ಬಣ್ಣ, ಬಡತನವನ್ನೂ ಹಂಗಿಸುವುದು ಬೇಡ.

– 7ನೇ ತರಗತಿ